ಜೇಬಿನ ಪೆನ್ನಲ್ಲೇ ಚಿತ್ರ: ಯಾವ ರೀಫಿಲ್, ಯಾವ ಇಂಕು?

ತಂಗಿಯ ಗೃಹಪ್ರವೇಶಕ್ಕೆಂದು ಕುಣಿಗಲ್ ಕೆರೆಯನ್ನು ನೀಲಿ ಬಾಲ್ ಪೆನ್ನಲ್ಲಿ ಬರೆದು, ಕಟ್ಟು ಹಾಕಿಸಿ ಕೊಟ್ಟಿದ್ದೆ. ಅವಳು ಅದನ್ನು ನಡುಮನೆಯಲ್ಲಿ, ಪಡುವಣ ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದಳು. ನಾಲ್ಕು ವರ್ಷ ಬಿಟ್ಟು ನೋಡಿದರೆ ಕೆರೆ ಬತ್ತಿಹೋಗಿತ್ತು. ಒತ್ತಿ ಬರೆದಿದ್ದ ಏರಿ, ತೂಬು, ಮರಗಳು ಮಸುಕಾಗಿ ಉಳಿದಿದ್ದವು. ನೀರಿಗೆಂದು ಹಗುರವಾಗಿ ಎಳೆದ ಗೆರೆಗಳಷ್ಟೂ ಮಾಯ. ‘ಅಣ್ಣ, ನೀನು ಕೊಟ್ಟಾಗಲೇ ಹಿಂಗಿತ್ತಾ?’ ಎಂದಳು.

ಅದರಲ್ಲಿ ಪೆನ್ನಿನ ತಪ್ಪೇನೂ ಇರಲಿಲ್ಲ. ಲೆಕ್ಕ ಬರೆಯಲು ಮಾಡಿದ ಇಂಕನ್ನು ಗೋಡೆಯ ಚಿತ್ರಕ್ಕೆ ಬಳಸಿದವನು ನಾನು. ಆಮೇಲೆ ಕಲಿತದ್ದನ್ನು, ಬಾಲ್ ಪೆನ್ನಲ್ಲಿ ಚಿತ್ರ ಬರೆಯಲು ಆಸೆಪಡುವವರಿಗಾಗಿ ಇಲ್ಲಿ ಒಟ್ಟು ಮಾಡಿದ್ದೇನೆ.

ಸಿ.ಎಸ್. ಪುರದಂಥ, ಅಂದರೆ ಚಂದ್ರಶೇಖರಪುರದಂಥ ಹೋಬಳಿ ಊರಿನಲ್ಲಿ ಜಲವರ್ಣದ ಟ್ಯೂಬು, ಒಳ್ಳೆಯ ಬ್ರಷ್ಷು ಬೇಕೆಂದರೆ ಗುಬ್ಬಿಗೋ ತುಮಕೂರಿಗೋ ಬಸ್ಸು ಹತ್ತಬೇಕು. ಬಾಲ್ ಪೆನ್ನಿಗೆ ಆ ತಾಪತ್ರಯವಿಲ್ಲ. ಬುಕ್ ಸ್ಟಾಲಿನಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ, ಕಡೆಗೆ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಯಲ್ಲೂ ಸಿಗುತ್ತದೆ. ಐದು ಹತ್ತು ರೂಪಾಯಿಯ ಈ ಪೆನ್ನಿನಿಂದ ಪೆನ್ಸಿಲಿನಷ್ಟೇ ನಯವಾದ ನೆರಳು-ಬೆಳಕು ಬರೆಯಬಹುದು. ಆಯ್ಕೆ ಮಾಡುವುದು ಗೊತ್ತಿರಬೇಕು, ಅಷ್ಟೆ.

ಪೆನ್ನಿನೊಳಗೆ ಏನಿದೆ?

ರೀಫಿಲ್ಲಿನ ತುದಿಯಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಒಂದು ಗುಂಡು ಕೂತಿರುತ್ತದೆ. ಹೆಚ್ಚಾಗಿ ಅದು ಟಂಗ್‌ಸ್ಟನ್ ಕಾರ್ಬೈಡಿನದು. ನಮ್ಮ ಪೀಳಿಗೆಯ ಶಾಲಾ ಮಕ್ಕಳೆಲ್ಲ ಬಳಸಿದ, ಬಿಳಿ ಮೈ ನೀಲಿ ಕ್ಯಾಪಿನ ರೆನಾಲ್ಡ್ಸ್ 045 ಪೆನ್ನಿನ ಮೇಲಿದ್ದ ‘ಫೈನ್ ಕಾರ್ಬ್ಯೂರ್’ ನೆನಪಿದೆಯೇ? ಕಾರ್ಬ್ಯೂರ್ ಎಂದರೆ ಫ್ರೆಂಚಿನಲ್ಲಿ ಕಾರ್ಬೈಡ್. ಗುಂಡು ಉರುಳಿದಂತೆ ಹಿಂದಿನ ಕೊಳವೆಯ ಇಂಕನ್ನು ಮೈಗೆ ಬಳಿದುಕೊಂಡು ಹಾಳೆಗೆ ಒತ್ತುತ್ತದೆ.

ಹಂಗೇರಿಯ ಪತ್ರಕರ್ತ ಲಾಸ್ಲೊ ಬಿರೊ 1938ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅವನಿಗೂ ಐವತ್ತು ವರ್ಷ ಮೊದಲು, 1888ರಲ್ಲೇ, ಅಮೆರಿಕದ ಜಾನ್ ಲೌಡ್ ಗುಂಡಿನ ಪೆನ್ನಿಗೆ ಪೇಟೆಂಟ್ ಪಡೆದಿದ್ದ. ಅದು ಒರಟು ತೊಗಲಿನ ಮೇಲೆ ಗುರುತು ಹಾಕಲು ಆಗುತ್ತಿತ್ತೇ ಹೊರತು ಕಾಗದಕ್ಕೆ ಒಗ್ಗಲಿಲ್ಲ. ಬಿರೊ ಗೆದ್ದದ್ದು ಇಂಕಿನಿಂದ. ನೀರಿನಂಥ ಶಾಯಿ ಬಿಟ್ಟು, ಜೇನಿನಂತೆ ಮಂದವಾದ, ಹಾಳೆಗೆ ತಾಗಿದೊಡನೆ ಒಣಗುವ ಇಂಕು ಹಾಕಿದ. ಚಿತ್ರ ಬರೆಯುವವರಿಗೆ ದೊಡ್ಡ ಉಪಕಾರ ಆದದ್ದು ಇದರಿಂದಲೇ. ಇಂಕು ಮಂದವಾಗಿರುವುದರಿಂದ ಕೈ ಹಗುರ ಮಾಡಿದರೆ ಬೂದಿಯಂಥ ತೆಳು ಗೆರೆ, ಒತ್ತಿದರೆ ಕಡುಗೆರೆ. ಜೆಲ್ ಪೆನ್ನಿಗೆ ಈ ಗುಣವಿಲ್ಲ.

0.5, 0.7, 1.0: ಯಾವುದು ತೆಗೆದುಕೊಳ್ಳಲಿ?

ಪೆನ್ನಿನ ಮೇಲೆ ಬರೆದಿರುವ ಅಂಕಿ ಗುಂಡಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ಗೆರೆಯ ಅಗಲ ಅದಕ್ಕಿಂತ ಕಡಿಮೆ. ಬಾಲ್ ಪೆನ್ನಲ್ಲಿ 0.7 ಗುಂಡಿನ ಗೆರೆ ಸುಮಾರು ಅದರ ಅರ್ಧ ಬರುತ್ತದೆ.

ಮೊದಲ ಪೆನ್ನು 0.7 ಇರಲಿ. ತೆಳು ಗೆರೆಯೂ ಬರುತ್ತದೆ, ಒತ್ತಿದರೆ ಕಪ್ಪೂ ತುಂಬುತ್ತದೆ. ಕಣ್ರೆಪ್ಪೆ, ತೆಂಗಿನ ಗರಿಯ ಸೀಳು, ಗುಡಿಯ ಕಂಬದ ಕುಸುರಿಗೆ 0.5 ಚೆನ್ನ. ಆದರೆ ಅದು ತೆಳು ಹಾಳೆಯನ್ನು ಕೆರೆಯುತ್ತದೆ. 1.0 ಇರುವುದು ದೊಡ್ಡ ನೆರಳಿಗೆ: ಹುಣಸೆ ಮರದ ಬುಡ, ಹೆಂಚಿನ ಸೂರಿನ ಒಳಗತ್ತಲು, ಮೋಡ ಕವಿದ ಆಕಾಶ. ಒಂದೇ ಚಿತ್ರದಲ್ಲಿ ಎರಡು ಅಳತೆ ಸೇರಿಸುವುದಾದರೆ ಒಂದೇ ಕಂಪನಿಯ, ಒಂದೇ ಇಂಕಿನ ಪೆನ್ನು ಕೊಳ್ಳಿ. ಒಂದರ ನೀಲಿ ನೇರಳೆ ಕಡೆಗೆ, ಇನ್ನೊಂದರದು ಹಸಿರು ಕಡೆಗೆ ವಾಲಿದ್ದರೆ ನೆರಳು ತೇಪೆ ಹಾಕಿದ ಬಟ್ಟೆಯ ಹಾಗೆ ಕಾಣುತ್ತದೆ.

ನಾಲ್ಕು ಜಾತಿಯ ಪೆನ್ನು

‘ಪೆನ್ನು ಕೊಡಿ’ ಎಂದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಜಾತಿ ಹೇಳಿ ಕೇಳಿ.

ಒಂದು, ಹಳೆಯ ಕಾಲದ ಮಂದ ಇಂಕಿನ ಬಾಲ್ ಪೆನ್. ರೆನಾಲ್ಡ್ಸ್ 045, ಸೆಲ್ಲೊ ಗ್ರಿಪ್ಪರ್, ಬಿಕ್ ಕ್ರಿಸ್ಟಲ್ ಈ ಸಾಲಿನವು. ಪತ್ರ ಬರೆಯುವವರಿಗೆ ‘ಸ್ವಲ್ಪ ಗಟ್ಟಿ’ ಅನ್ನಿಸುವ ಪೆನ್ನೇ ಚಿತ್ರಕ್ಕೆ ಒಳ್ಳೆಯದು. ಕೈಯ ಒತ್ತಡಕ್ಕೆ ಸರಿಯಾಗಿ ಮಾತು ಕೇಳುತ್ತದೆ.

ಎರಡು, ತೆಳು ಮಾಡಿದ ಎಣ್ಣೆ ಇಂಕಿನ ನುಣುಪು ಪೆನ್. ಸೆಲ್ಲೊ ಬಟರ್‌ಫ್ಲೋ, ಲಿಂಕ್ ಪೆಂಟಾನಿಕ್, ಸ್ವಲ್ಪ ದುಬಾರಿಯಾದರೆ ಯೂನಿಬಾಲ್ ಜೆಟ್‌ಸ್ಟ್ರೀಮ್. ಕಪ್ಪು ಕಡುವಾಗಿ ಬರುತ್ತದೆ, ಕೈ ನೋಯುವುದಿಲ್ಲ. ಆದರೆ ತೀರಾ ತೆಳು ಛಾಯೆ ತರಿಸುವುದು ಕಷ್ಟ. ನೆರಳು ತುಂಬಲು ಇದು, ಮೊದಲ ಗೆರೆಗೆ ಅದು ಎಂದು ಹಂಚಿಕೊಳ್ಳಬಹುದು.

ಮೂರು, ಜೆಲ್ ಪೆನ್. ಗೆರೆ ಒಂದೇ ಸಮ, ಕಡು. ಎಷ್ಟು ಹಗುರ ಹಿಡಿದರೂ ಬೂದು ಬರುವುದಿಲ್ಲ, ಬೇಗ ಎಳೆದರೆ ನಡುನಡುವೆ ಬಿಟ್ಟುಹೋಗುತ್ತದೆ, ಅಂಗೈ ತಾಗಿದರೆ ಅಳಿಸಿಕೊಳ್ಳುತ್ತದೆ. ಚುಕ್ಕೆ ಚಿತ್ರಕ್ಕೆ, ಗಡಿ ರೇಖೆಗೆ ಸರಿ. ಬಿಳಿ ಜೆಲ್ ಪೆನ್ ಒಂದಿದ್ದರೆ ಕಡುನೆರಳಿನ ಮೇಲೆ ಒಂದೆರಡು ಹೊಳಪಿನ ಚುಕ್ಕೆ ಇಡಬಹುದು.

ನಾಲ್ಕು, ನೀರಿನಂಥ ಇಂಕಿನವು. ಪೈಲಟ್ ವಿ5, ವಿ7ನಲ್ಲಿ ಗೆರೆ ಸರಾಗ, ಆದರೆ ನೀರು ಬಿದ್ದರೆ ಹರಡುತ್ತದೆ. ಬೇಕೆಂದೇ ಒದ್ದೆ ಬ್ರಷ್ ಎಳೆದು ನೆರಳು ತೆಗೆಯುವವರೂ ಇದ್ದಾರೆ. ಇದೇ ಗುಂಪಿನಂತೆ ಕಂಡರೂ ಬೇರೆಯೇ ಆದವು ಯೂನಿಬಾಲ್ ಐ, ಯೂನಿ ಪಿನ್, ಸಕುರಾ ಪಿಗ್ಮಾ ಮೈಕ್ರಾನ್. ಇವುಗಳ ಇಂಕು ಪಿಗ್ಮೆಂಟಿನದು. ಇವುಗಳಲ್ಲಿ ಪಿನ್ ಮತ್ತು ಮೈಕ್ರಾನಿಗೆ ಗುಂಡಿಲ್ಲ, ನಾರಿನ ತುದಿ ಇದೆ, ಆದ್ದರಿಂದ ಒತ್ತಬಾರದು.

ಅಂಗಡಿಯಲ್ಲೇ ಪರೀಕ್ಷೆ

ಪೆನ್ನು ಕೊಳ್ಳಲು ಹೋಗುವಾಗ ನೀವು ಚಿತ್ರ ಬರೆಯುವ ಹಾಳೆಯ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯವರು ಕೊಡುವ ಚೀಟಿಯ ಮೇಲೆ ಗೀಚಿದರೆ ಏನೂ ತಿಳಿಯುವುದಿಲ್ಲ.

ಮೊದಲು ಪೆನ್ನಿನ ಭಾರ ಮಾತ್ರ ಬಿಟ್ಟು, ಒತ್ತದೆ ಹತ್ತು ಗೆರೆ ಎಳೆಯಿರಿ. ಹತ್ತೂ ಒಡೆಯದೆ ಬಂದರೆ ಆ ಪೆನ್ನು ಅರ್ಧ ಗೆದ್ದ ಹಾಗೆ. ಎರಡನೆಯದಾಗಿ ಒಂದು ಗೆರೆಯನ್ನು ಹಗುರದಿಂದ ಶುರುಮಾಡಿ ಒತ್ತುತ್ತಾ ಹೋಗಿ. ಬೂದಿನಿಂದ ಕಡುವಿಗೆ ನಡುವೆ ಮೆಟ್ಟಿಲು ಕಾಣಬಾರದು. ಮೂರನೆಯದು, ಸಣ್ಣ ಸುತ್ತುಗಳನ್ನು ಒಂದರ ಮೇಲೊಂದು ಇಪ್ಪತ್ತು ಸಲ ಹಾಕಿ. ತುದಿಯಲ್ಲಿ ಇಂಕಿನ ಹನಿ ಕಟ್ಟಿ ಹಾಳೆಗೆ ಮೆತ್ತಿದರೆ ಆ ಪೆನ್ನು ಬೇಡ. ನಾಲ್ಕನೆಯದು, ಐದು ಸೆಕೆಂಡು ಬಿಟ್ಟು ಬೆರಳಿನಿಂದ ಒರೆಸಿ ನೋಡಿ.

ಒಂದೇ ಡಬ್ಬಿಯ ಎರಡು ಪೆನ್ನು ಒಂದೇ ರೀತಿ ಇರುವುದಿಲ್ಲ. ಎರಡು ಮೂರು ತೆಗೆದು ನೋಡಿ. ಹೊರಗೆ ಬಿಸಿಲಿಗೆ ತೂಗುಹಾಕಿದ ಪ್ಯಾಕೆಟ್ಟಿನ ಪೆನ್ನು ಬೇಡ, ಒಳಗಿನ ಡಬ್ಬಿಯದು ಕೇಳಿ.

ಬಣ್ಣ ಏಕೆ ಹಾರುತ್ತದೆ?

ತಂಗಿಯ ಮನೆಯ ಕೆರೆ ಬತ್ತಿದ್ದಕ್ಕೆ ಕಾರಣ ಇಲ್ಲಿದೆ. ಬಾಲ್ ಪೆನ್ನಿನ ಇಂಕಿಗೆ ಬಣ್ಣ ಕೊಡುವುದು ಹೆಚ್ಚಾಗಿ ಡೈ, ಅಂದರೆ ಬಟ್ಟೆಗೆ ಹಾಕುವ ಬಣ್ಣದ ಹಾಗೆ ದ್ರವದಲ್ಲಿ ಪೂರ್ತಿ ಕರಗಿದ ಬಣ್ಣ. ನೀಲಿ ಇಂಕುಗಳಲ್ಲಿ ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಡೈ ಸಾಮಾನ್ಯ. ಬೆಳಕು ಬಿದ್ದಷ್ಟೂ ಅದರ ಅಣುಗಳು ಒಡೆಯುತ್ತವೆ, ಬಣ್ಣ ಹಾರುತ್ತದೆ. ತೆಳು ಗೆರೆಯಲ್ಲಿ ಬಣ್ಣವೇ ಕಡಿಮೆ, ಆದ್ದರಿಂದ ಅದು ಮೊದಲು ಹೋಗುತ್ತದೆ. ಕೆಂಪು, ನೇರಳೆ, ಗುಲಾಬಿ ಬಾಲ್ ಪೆನ್ನುಗಳನ್ನಂತೂ ಗೋಡೆಯ ಚಿತ್ರಕ್ಕೆ ನಂಬಬೇಡಿ.

ಪಿಗ್ಮೆಂಟ್ ಹಾಗಲ್ಲ. ಅದು ಕರಗದ ನುಣ್ಣನೆಯ ಪುಡಿ. ಕಪ್ಪು ಪಿಗ್ಮೆಂಟ್ ಎಂದರೆ ಸಾಮಾನ್ಯವಾಗಿ ಇಂಗಾಲ, ನಮ್ಮ ಮಾತಿನಲ್ಲಿ ಹೇಳುವುದಾದರೆ ಮಸಿ. ಕನ್ನಡದಲ್ಲಿ ದೀಪದ ಕರಿಗೂ ಬರೆಯುವ ಶಾಯಿಗೂ ಮಸಿ ಎಂಬ ಒಂದೇ ಹೆಸರು ಇರುವುದು ಸುಮ್ಮನೆ ಅಲ್ಲ. ಹಿಂದಿನವರು ದೀಪದ ಕರಿಯನ್ನು ಅಂಟಿನಲ್ಲಿ ಕಲಸಿ ಶಾಯಿ ಮಾಡುತ್ತಿದ್ದರು. ಓಲೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರಕ್ಕೆ ತುಂಬುತ್ತಿದ್ದದ್ದೂ ಇದೇ ಕರಿ. ಬಿಸಿಲಿಗೆ ಮಸಿ ಹಾರುವುದಿಲ್ಲ, ಅದಕ್ಕೇ ಆ ಅಕ್ಷರಗಳು ಇನ್ನೂ ಓದಲು ಸಿಗುತ್ತವೆ.

ಬೆಳಕಿಗೆ ಇನ್ನೂ ಕಪ್ಪಾಗುವ ಶಾಯಿಯೂ ನಮ್ಮ ರಾಜ್ಯದಲ್ಲೇ ತಯಾರಾಗುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆರಂಭವಾದ ಮೈಸೂರು ಪೇಂಟ್ಸ್ ಕಾರ್ಖಾನೆಯ, 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಾಕುತ್ತಿರುವ ಇಂಕು ಅದು. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುವುದರಿಂದ ಬಿಸಿಲು ತಾಗಿದರೆ ಕಪ್ಪೇರುತ್ತದೆ. ಚಿತ್ರಕ್ಕೆ ಅದು ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಇಂಕಿನ ಬಾಳಿಕೆ ಅದರೊಳಗೆ ಏನು ಕಲಸಿದ್ದಾರೆ ಎಂಬುದರ ಮೇಲೆ ನಿಂತಿದೆ ಎನ್ನುವುದಕ್ಕಷ್ಟೇ ಈ ಮಾತು.

ಹಾಗಾದರೆ ಬಾಳುವ ಬಾಲ್ ಪೆನ್ ಇಲ್ಲವೇ? ಇದೆ. ರೀಫಿಲ್ಲಿನ ಮೇಲೆ ‘ಐಎಸ್ಒ 12757-2’ ಅಥವಾ ‘ಡಿಒಸಿ’ ಎಂದು ಅಚ್ಚಾಗಿದೆಯೇ ನೋಡಿ. ದಾಖಲೆ ಪತ್ರಗಳಿಗೆ ಬಳಸುವ ಬಾಲ್ ಪೆನ್ನುಗಳ ಅಂತರರಾಷ್ಟ್ರೀಯ ಮಾನದಂಡ ಅದು. ನೀರು, ಬೆಳಕು, ಅಳಿಸುವ ರಾಸಾಯನಿಕಗಳನ್ನು ತಡೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಿರುತ್ತಾರೆ. 12757-1 ಎಂದಷ್ಟೇ ಇದ್ದರೆ ಅದು ಸಾಮಾನ್ಯ ಬರವಣಿಗೆಗೆ. ಜೆಲ್ ಪೆನ್ನಿಗೆ ಇದೇ ರೀತಿಯ ದಾಖಲೆ ಮಾನದಂಡ 27668-2. ಪಾರ್ಕರ್ ಮಾದರಿಯ ಲೋಹದ ರೀಫಿಲ್ಲುಗಳಲ್ಲಿ ಈ ಗುರುತು ಹೆಚ್ಚಾಗಿ ಸಿಗುತ್ತದೆ. ಬಣ್ಣದಲ್ಲಿ ಕಪ್ಪನ್ನೇ ಆರಿಸಿ.

ಗುರುತು ಇಲ್ಲದ ಪೆನ್ನಾದರೆ ಮನೆಯಲ್ಲೇ ಪರೀಕ್ಷಿಸಿ. ನಿಮ್ಮ ಬಳಿ ಇರುವ ಪೆನ್ನುಗಳಿಂದೆಲ್ಲ ಒಂದು ಪಟ್ಟಿ ಹಾಳೆಯ ಮೇಲೆ ತೆಳು, ನಡು, ಕಡು ಎಂದು ಮೂರು ಮೂರು ಗೀರು ಹಾಕಿ, ಪಕ್ಕದಲ್ಲಿ ಪೆನ್ನಿನ ಹೆಸರು ಪೆನ್ಸಿಲಿನಲ್ಲಿ ಬರೆಯಿರಿ. ಅರ್ಧ ಭಾಗಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿ. ಶಿವರಾತ್ರಿಗೆ ಅಂಟಿಸಿದ್ದನ್ನು ಯುಗಾದಿ ಕಳೆದ ಮೇಲೆ ತೆಗೆದರೆ ಸಾಕು, ಯಾವ ಪೆನ್ನು ನಂಬಿಕಸ್ಥ ಎಂದು ಆ ಪಟ್ಟಿಯೇ ಹೇಳುತ್ತದೆ.

ಹಾಳೆ ಮತ್ತು ಕೈ

ನುಣುಪಾದ, ಸ್ವಲ್ಪ ದಪ್ಪ ಹಾಳೆ ಬಾಲ್ ಪೆನ್ನಿಗೆ ಸೇರುತ್ತದೆ. ಜೆರಾಕ್ಸ್ ಅಂಗಡಿಯ 75 ಜಿಎಸ್‌ಎಂ ಎ4 ಹಾಳೆ ಅಭ್ಯಾಸಕ್ಕೆ ಧಾರಾಳ ಸಾಕು. ಇಟ್ಟುಕೊಳ್ಳುವ ಚಿತ್ರಕ್ಕೆ 120 ಜಿಎಸ್‌ಎಂ ಮೇಲ್ಪಟ್ಟ ಡ್ರಾಯಿಂಗ್ ಶೀಟ್ ತನ್ನಿ. ಜಲವರ್ಣದ ತರಿತರಿ ಹಾಳೆಯ ಮೇಲೆ ಗುಂಡು ಗುಂಡಿಗೆ ಬಿದ್ದ ಸೈಕಲ್ಲಿನ ಹಾಗೆ ಕುಲುಕುತ್ತದೆ. ಮಿರಿಮಿರಿ ಆರ್ಟ್ ಪೇಪರಿನ ಮೇಲೆ ಜಾರುತ್ತದೆ, ಇಂಕೂ ಒಣಗುವುದಿಲ್ಲ.

ಪರೀಕ್ಷಾ ರಟ್ಟಿನ ಮೇಲೆ ಒಂದೇ ಹಾಳೆ ಇಟ್ಟು ಬರೆಯಬೇಡಿ. ಕೆಳಗೆ ನಾಲ್ಕೈದು ಹಾಳೆಯ ಹಾಸು ಇರಲಿ. ತಳ ಸ್ವಲ್ಪ ಮೆತ್ತಗಿದ್ದರೆ ಗುಂಡಿಗೆ ಹಿಡಿತ ಸಿಕ್ಕು ಚೆನ್ನಾಗಿ ಉರುಳುತ್ತದೆ. ಅಂಗೈ ಕೆಳಗೂ ಒಂದು ಕಾಗದ ಇಟ್ಟುಕೊಳ್ಳಿ. ಇದು ನಮ್ಮ ಕಡೆಯವರಿಗೆ ಮುಖ್ಯ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕೈಗೆ, ಕೈಯಿಂದ ಹಾಳೆಗೆ ಇಳಿದರೆ ಆ ಜಾಗದಲ್ಲಿ ಯಾವ ಪೆನ್ನೂ ಹಿಡಿಯುವುದಿಲ್ಲ.

ಪೆನ್ಸಿಲಿನಲ್ಲಿ ಅಡಿಗೆರೆ ಹಾಕುವುದಾದರೆ ತೀರಾ ಹಗುರ ಇರಲಿ, ಪೆನ್ನು ಹಿಡಿಯುವ ಮೊದಲೇ ಮುಕ್ಕಾಲುಪಾಲು ಅಳಿಸಿಬಿಡಿ. ಪೆನ್ಸಿಲಿನ ಪುಡಿ ಗುಂಡಿನ ಸುತ್ತ ಸೇರಿ ಇಂಕನ್ನು ತಡೆಯುತ್ತದೆ. ನೆರಳನ್ನು ಒಂದೇ ಸಲ ಒತ್ತಿ ತುಂಬಬೇಡಿ. ಹಗುರ ಗೀರಿನ ಒಂದು ಪದರ, ಅದರ ಮೇಲೆ ಅಡ್ಡಗೀರು, ಮತ್ತೆ ಓರೆಗೀರು. ಬಿಳಿ ಬೇಕಾದಲ್ಲಿ ಹಾಳೆಯನ್ನೇ ಬಿಡಬೇಕು, ಬಾಲ್ ಪೆನ್ನಿಗೆ ರಬ್ಬರ್ ಇಲ್ಲ.

ಬಣ್ಣದ ಬಾಲ್ ಪೆನ್ನು ಬಳಸುವಾಗ ತಿಳಿಬಣ್ಣ ಮೊದಲು, ಕಡು ಆಮೇಲೆ. ಹಸಿರಿನ ಮೇಲೆ ನೀಲಿ ಅಡ್ಡಗೀರು ಹಾಕಿದರೆ ತೆಂಗಿನ ಗರಿಯ ನೆರಳು, ಕೆಂಪು ಹಸಿರು ಸೇರಿದರೆ ಕೆಮ್ಮಣ್ಣು. ಕೆಳಗಿನ ಇಂಕನ್ನು ಗುಂಡು ಎತ್ತಿಕೊಳ್ಳುವುದರಿಂದ ಆಗಾಗ ಬೇರೆ ಕಾಗದದ ಮೇಲೆ ಗೀಚಿ ತುದಿ ಶುಚಿ ಮಾಡಿ.

ಪೆನ್ನು ಮುನಿದರೆ

ಹನಿ ಕಟ್ಟುವುದು ಬಾಲ್ ಪೆನ್ನಿನ ಹುಟ್ಟುಗುಣ. ಎಡಗೈಯಲ್ಲಿ ಹಳೆಯ ಬಟ್ಟೆಯೋ ಟಿಶ್ಯೂವೋ ಇಟ್ಟುಕೊಂಡು, ಹತ್ತಾರು ಗೀರಿಗೊಮ್ಮೆ ತುದಿ ಒರೆಸಿ. ಪೆನ್ನನ್ನು ಬೆರಳಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಬರೆದರೆ ಹನಿ ಕಡಿಮೆ.

ಹಿಡಿಯದ ಪೆನ್ನನ್ನು ಎರಡು ಅಂಗೈ ನಡುವೆ ಉಜ್ಜಿ ಬೆಚ್ಚಗೆ ಮಾಡಿ, ರಬ್ಬರ್ ಚಪ್ಪಲಿಯ ಅಟ್ಟೆಯ ಮೇಲೆ ಗೀಚಿ. ಮಂದ ಇಂಕು ಸಡಿಲವಾಗಿ, ಗುಂಡು ಮತ್ತೆ ಉರುಳುತ್ತದೆ. ಬೆಂಕಿಕಡ್ಡಿ ಗೀರಿ ತುದಿ ಕಾಯಿಸುವವರಿದ್ದಾರೆ. ಪ್ಲಾಸ್ಟಿಕ್ ಕರಗಿ ಪೆನ್ನೇ ಹಾಳಾಗುತ್ತದೆ, ಬೇಡ. ಮಲಗಿಕೊಂಡು ಮೇಲ್ಮುಖವಾಗಿ ಅಥವಾ ಗೋಡೆಗೆ ಹಾಳೆ ಅಂಟಿಸಿ ಬರೆದರೆ ಇಂಕು ಕೆಳಗಿಳಿಯದೆ ನಿಲ್ಲುತ್ತದೆ. ಇಡುವಾಗ ಲೋಟದಲ್ಲಿ ತುದಿ ಕೆಳಗೆ ಮಾಡಿ ಇಡಿ. ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿ ಇಟ್ಟರೆ ಇಂಕು ತೆಳುವಾಗಿ ಸೋರುತ್ತದೆ.

ಒಂದು ಎಚ್ಚರಿಕೆ: ಬಾಟಲಿಯ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕನ್ನು ಇಂಕ್ ಪೆನ್ನಿಗೆ ತುಂಬಬೇಡಿ. ಒಣಗಿ ಕಟ್ಟಿಕೊಂಡರೆ ಪೆನ್ನು ಸತ್ತಂತೆ. ಅದು ಅದ್ದಿ ಬರೆಯುವ ನಿಬ್ಬಿಗೆ ಮಾತ್ರ.

ಎಷ್ಟು ಖರ್ಚು, ಏನು ಕೊಳ್ಳಬೇಕು?

ಶಾಲೆಯ ಮಕ್ಕಳಿಗೆ, ಪ್ರತಿಭಾ ಕಾರಂಜಿಗೆ ಕೈ ಪಳಗಿಸುವವರಿಗೆ: 0.7ರ ಮಂದ ಇಂಕಿನ ನೀಲಿ ಒಂದು, ಕಪ್ಪು ಒಂದು, ಎ4 ಹಾಳೆ ಐವತ್ತು. ಇದಿಷ್ಟೂ ನಮ್ಮೂರಿನಂಥ ಊರಿನಲ್ಲೇ ಸಿಗುತ್ತದೆ, ನೂರು ರೂಪಾಯಿ ದಾಟುವುದು ಕಷ್ಟ.

ಕೈ ಕೂತ ಮೇಲೆ: ಇವುಗಳ ಜೊತೆ 0.5 ಒಂದು, 1.0 ಒಂದು, ಬಿಳಿ ಜೆಲ್ ಪೆನ್, ಡ್ರಾಯಿಂಗ್ ಪುಸ್ತಕ. ಹೇಗೂ ತುಮಕೂರಿಗೆ ಹೋದಾಗ ತರಬಹುದು.

ಮಾರಾಟಕ್ಕೆ, ಉಡುಗೊರೆಗೆ, ಬೆಂಗಳೂರಿನ ಚಿತ್ರಸಂತೆಗೆ ಒಯ್ಯುವ ಆಸೆ ಇದ್ದವರು: ಡಿಒಸಿ ಗುರುತಿನ ಕಪ್ಪು ರೀಫಿಲ್ ಅಥವಾ ಪಿಗ್ಮೆಂಟ್ ಪೆನ್, ಆಮ್ಲರಹಿತ ಹಾಳೆ. ಚಿತ್ರ ಮುಗಿದ ದಿನವೇ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ ಹಾಕಲು ಹೇಳಿ, ಬಿಸಿಲು ಬೀಳದ ಗೋಡೆ ಆರಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಇಂಕು ಕವರಿಗೆ ಅಂಟಿಕೊಳ್ಳಬಹುದು. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಂತೂ ಮುಟ್ಟಲೇಬೇಡಿ, ಸ್ಪಿರಿಟ್ಟಿಗೆ ಬಾಲ್ ಪೆನ್ನಿನ ಇಂಕು ಕರಗುತ್ತದೆ.

ಏನು ಬರೆಯೋಣ?

ಬಾಲ್ ಪೆನ್ ಶಾಲಾ ಮಕ್ಕಳ ಆಟ ಎಂದುಕೊಳ್ಳಬೇಕಾಗಿಲ್ಲ. ಶಿಲ್ಪಿ ಜಕೊಮೆಟ್ಟಿ ಇದರಲ್ಲಿ ಚಿತ್ರ ಬರೆದಿದ್ದಾನೆ. ಇಟಲಿಯ ಅಲಿಘೀರೊ ಬೊಯೆಟ್ಟಿ 1970ರ ದಶಕದಲ್ಲಿ ಗೋಡೆಯಗಲದ ಹಾಳೆಗಳನ್ನು ಬಾಲ್ ಪೆನ್ನಿನ ಗೀರುಗಳಿಂದಲೇ ತುಂಬಿಸಿದ. ಗೆರೆಯ ಮಿತವ್ಯಯ ಕಲಿಯಲು ನಮ್ಮ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ, ನಾಲ್ಕು ಗೆರೆಯಲ್ಲಿ ಕುಣಿತ ಕಾಣಿಸುತ್ತಾರೆ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಕಿಟಕಿಯಾಚೆಯ ಕಾಗೆಯನ್ನು ಬಾಲ್ಯದಿಂದ ಕಡೆಯವರೆಗೂ ಬಿಡದೆ ಬರೆದರು.

ನಮ್ಮ ಸುತ್ತಲೂ ಬರೆಯಲು ಕಡಿಮೆ ಏನಿಲ್ಲ. ಅಡಿಕೆ ಮರದ ಉಂಗುರಗಳು ಅಡ್ಡಗೀರಿಗೆ ಹೇಳಿ ಮಾಡಿಸಿದ ಪಾಠ. ಸುಲಿದ ತೆಂಗಿನಕಾಯಿಯ ಜುಟ್ಟು ಹಗುರ ಗೆರೆಗೆ, ರಾಗಿ ತೆನೆ ಸುತ್ತುಗೀರಿಗೆ. ಕಡಬದ ಕೆರೆ, ನಿಟ್ಟೂರಿನ ಬಸದಿ, ಕುಣಿಗಲ್ ಕುದುರೆ ಫಾರಂ ಎಲ್ಲವೂ ಬಸ್ಸಿನ ದೂರದಲ್ಲಿವೆ. ತುಮಕೂರಿನ ಬಳಿ ಕೈದಾಳದ ಚನ್ನಕೇಶವನ ಗುಡಿಗೆ ಹೋದರೆ, ಜಕಣಾಚಾರಿಗೆ ಕೈ ಮರಳಿ ಬಂತೆಂದು ಜನ ಹೇಳುವ ಜಾಗದಲ್ಲಿ ಕೂತು ಕಲ್ಲಿನ ನೆರಳು ಬರೆಯಬಹುದು.

ತಂಗಿಗೆ ಈ ವರ್ಷ ಕೆರೆಯನ್ನು ಮತ್ತೆ ಬರೆದುಕೊಟ್ಟೆ, ಈ ಸಲ ಕಪ್ಪು ಪಿಗ್ಮೆಂಟ್ ಇಂಕಿನಲ್ಲಿ. ಮೂಡಣ ಗೋಡೆ ಬಿಟ್ಟು ಒಳಕೋಣೆಯಲ್ಲಿ ಹಾಕಿದ್ದಾಳೆ. ನೀವೂ ನಾಳೆ ಅಂಗಡಿಗೆ ಹೋದಾಗ ಜೇಬಿನಲ್ಲಿ ಹಾಳೆಯ ತುಂಡೊಂದು ಇಟ್ಟುಕೊಂಡು ಹೋಗಿ, ಕೊಳ್ಳುವ ಮೊದಲು ಒತ್ತದೆ ಹತ್ತು ಗೆರೆ ಎಳೆಯಿರಿ.